ಮೈಬಿಸಿಗೆ ಮೊಳೆತ ಮೆಣಸು

ಹೋದ ತಿಂಗಳ ಒಂದು ಭಾನುವಾರ ಗ್ಲ್ಯಾಡಿಸಳ ಫ್ಲ್ಯಾಟಿನಲ್ಲಿ ಹತ್ತು ಹನ್ನೆರಡು ಹೆಂಗಸರು ಸೇರಿದ್ದೆವು. ಬಾಯಮ್ಮ ಊರಿನಲ್ಲಿ ತೀರಿಕೊಂಡು ತಿಂಗಳಾಗಿತ್ತು. ಬೆಳಿಗ್ಗೆ ಚರ್ಚಿನಲ್ಲಿ ಪೂಜೆ, ಆಮೇಲೆ ಊಟ, ಊಟಕ್ಕೆ ಮೊದಲು ಒಬ್ಬೊಬ್ಬರೂ ಬಾಯಮ್ಮನ ಬಗ್ಗೆ ಎರಡು ಮಾತು ಹೇಳುವುದು ಎಂದು ಗ್ಲ್ಯಾಡಿಸ್ ಇಟ್ಟುಕೊಂಡಿದ್ದಳು. ಒಬ್ಬಳು ತಾಯಿ ಎಂದಳು. ಇನ್ನೊಬ್ಬಳು ದೇವತೆ ಎಂದಳು. "ಅವರ ಕೈಗುಣವೇ ಕೈಗುಣ ಮಾರಾಯ್ತಿ. ಈ ಅಬುಧಾಬಿಯಲ್ಲಿ ನಮ್ಗೆ ಊರಿನ ಮೆಣಸು ತಿನ್ನಿಸಿದ್ರು" ಎಂದು ಗ್ಲ್ಯಾಡಿಸ್ ಕಣ್ಣೊರೆಸಿಕೊಂಡಾಗ ನಾನು ಕಿಟಕಿಯ ಕಡೆ ನೋಡಿದೆ. ಥೂ, ಒಬ್ಬರು ಸತ್ತ ಮಾತ್ರಕ್ಕೆ ಉಳಿದವರು ಇಷ್ಟು ಸುಳ್ಳು ಹೇಳಬೇಕೇ?

ನನ್ನ ಸರದಿ ಬಂದಾಗ ನಿಜ ಹೇಳಿಯೇ ತೀರುವುದೆಂದು ಗಟ್ಟಿ ಮನಸ್ಸು ಮಾಡಿ ಹೋಗಿದ್ದೆ. ದಾರಿಯುದ್ದಕ್ಕೂ ಟ್ಯಾಕ್ಸಿಯಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅಲ್ಲಿ ಹೇಳಲಾಗಲಿಲ್ಲ. ಹೇಳಬೇಕೆಂದು ಕೊಂಡುಹೋದದ್ದನ್ನು, ಒಂದಕ್ಷರ ಮೆತ್ತಗೆ ಮಾಡದೆ, ಇಲ್ಲಿ ಬರೆಯುತ್ತೇನೆ.

ಬಾಯಮ್ಮ ಎನ್ನುವುದು ಹೆಸರಲ್ಲ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ಕರಾವಳಿಯಲ್ಲಿ ನಾವು ತುಳುವರು ಹಾಗೆ ಕರೆಯುತ್ತೇವೆ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಹಳೆಯ ಕಟ್ಟಡದ ಒಂಬತ್ತನೇ ಮಾಳಿಗೆಯಲ್ಲಿ ಅವರ ಹೆಸರಿನಲ್ಲಿ ಒಂದು ಫ್ಲ್ಯಾಟು ಇತ್ತು. ಅದರಲ್ಲಿ ಒಂದೊಂದು ಮಂಚ ಹಿಡಿದು ಗ್ಲ್ಯಾಡಿಸ್, ನಾನು ಸೇರಿ ಐದು ಮಂದಿ ಹೆಂಗಸರಿದ್ದೆವು. ಅವರು ಒಂದು ಕ್ಲಿನಿಕ್ಕಿನಲ್ಲಿ ಹೆಡ್ ನರ್ಸ್. ನಾನು ಎರಡು ರಸ್ತೆ ಆಚೆ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಏಳು ವರ್ಷ ಅವರ ಜೊತೆ ಒಂದೇ ಅಡುಗೆಮನೆ, ಒಂದೇ ಬಚ್ಚಲು ಹಂಚಿಕೊಂಡಿದ್ದೇನೆ. ದೇವತೆಯ ಬಚ್ಚಲು ಹೇಗಿತ್ತು ಎಂದು ನನ್ನನ್ನು ಕೇಳಬೇಕು.

ಬಚ್ಚಲಲ್ಲಿ ಸದಾ ಒಂದು ಮುಚ್ಚಿದ ಬಕೆಟ್. ಅದರೊಳಗೆ ಮೀನು ತೊಳೆದ ನೀರು, ಬಂಗುಡೆಯ ತಲೆ, ಕರುಳು, ಬಾಳೆಹಣ್ಣಿನ ಸಿಪ್ಪೆ, ಚಾ ಪುಡಿ. ಹದಿನೈದು ದಿನ ಕೊಳೆಸಿ ಗಿಡಕ್ಕೆ ಹಾಕುವುದು. ಸ್ನಾನಕ್ಕೆ ಹೋದರೆ ಮೈಗೆ ಸೋಪು ಹಚ್ಚಿದರೂ ಹೊರಗೆ ಬರುವಾಗ ಬಂದರಿನ ವಾಸನೆ. ಬಾಲ್ಕನಿಯಲ್ಲಿ ಪಾರಿವಾಳಗಳು ಹಾಕಿದ ಹಿಕ್ಕೆಯನ್ನು ಬರಿಗೈಯಲ್ಲಿ ಕೆರೆದು ಡಬ್ಬಿಗೆ ತುಂಬುತ್ತಿದ್ದರು. ಆಮೇಲೆ ಕೈ ತೊಳೆಯುತ್ತಿದ್ದರು, ಸುಳ್ಳು ಹೇಳುವುದಿಲ್ಲ, ನರ್ಸು ತೊಳೆಯುವ ಹಾಗೆ ಮೊಣಕೈವರೆಗೂ ತೊಳೆಯುತ್ತಿದ್ದರು. ಆದರೆ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ಚಪಾತಿ ಹಿಟ್ಟು ಕಲಸಿ, "ತಿನ್ನು, ತಿನ್ನು, ಎಂತ ನಾಚಿಕೆ?" ಎಂದು ತಟ್ಟೆಗೆ ಹಾಕುತ್ತಿದ್ದರು. ಬೀಜ ಎಣಿಸುವಾಗ ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಆ ಒದ್ದೆಗೆ ಒಂದೊಂದೇ ಬೀಜ ಅಂಟಿಸಿ ಎತ್ತುವುದು. ಎಣಿಸಿ ಮುಗಿದ ಮೇಲೆ ಅದೇ ಬೆರಳಲ್ಲಿ ನನ್ನ ಕೆನ್ನೆ ಹಿಂಡುವುದು.

ಎಲ್ಲವನ್ನೂ ಮೂಸಿ ನೋಡುವುದು ಅವರ ಅಭ್ಯಾಸ. ಹಾಲು, ಮಣ್ಣು, ನಮ್ಮ ತಲೆದಿಂಬು, ಯಾವುದೂ ಬಿಡುತ್ತಿರಲಿಲ್ಲ. ಒಂದು ದಿನ ನನ್ನ ಹೆಗಲ ಹತ್ತಿರ ಮೂಗು ತಂದು, "ನಿಂಗೆ ಶೀತ ಬರ್ಲಿಕ್ಕುಂಟು, ನಾಳೆ ಗಂಟಲು ಹಿಡೀತದೆ" ಎಂದರು. ಮರುದಿನ ಹಿಡಿಯಿತು. ಸರಿಯಾಗಿ ಹೇಳಿದ್ದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಮೆಣಸಿನ ಹುಚ್ಚು ಅವರಿಗೆ ಹೇಗೆ ಹತ್ತಿತೆಂದು ಗೊತ್ತಿಲ್ಲ. ಊರಿನ ಗಿಡ್ಡ ಮೆಣಸು, ಬಣ್ಣ ಹೆಚ್ಚು, ಖಾರ ನಾಲಿಗೆಗೆ ನಿಧಾನವಾಗಿ ಹತ್ತುವುದು, ಅದಿಲ್ಲದ ಮೀನುಸಾರು ಸಾರೇ ಅಲ್ಲ ಎನ್ನುವುದು ಅವರ ವಾದ. ನಾನೂ ಒಪ್ಪುತ್ತೇನೆ. ಮೊದಲ ವರ್ಷ ಬಸ್ಸು ಹತ್ತಿ ದುಬೈಗೆ ಹೋಗಿ, ನೈಫ್ ಪೇಟೆಯ ಅಂಗಡಿಯೊಂದರಿಂದ ಒಣಮೆಣಸು ತಂದು, ಬೀಜ ತೆಗೆದು ಹಾಕಿದರು. ಒಂದೂ ಹುಟ್ಟಲಿಲ್ಲ. ಆ ಮೆಣಸನ್ನು ಎಲ್ಲಿ ಎಷ್ಟು ಕಾಯಿಸಿ ಒಣಗಿಸಿದ್ದರೋ. ಮರುವರ್ಷ ಊರಿನಿಂದಲೇ ನೆರಳಲ್ಲಿ ಒಣಗಿಸಿದ ಹಣ್ಣು ತರಿಸಿದರು. ಅದೂ ಹುಟ್ಟಲಿಲ್ಲ.

ಕಾರಣ ಚಳಿ. ಊರಿನವರಿಗೆ ಹೇಳಿದರೆ ನಗುತ್ತಾರೆ. ಆಗಸ್ಟಿನಲ್ಲಿ ಹೊರಗೆ ಕಾಲಿಟ್ಟರೆ ಚಪ್ಪಲಿ ಅಂಟುವ ಬಿಸಿಲು, ಒಳಗೆ ಸ್ವೆಟರು. ನಮ್ಮ ಕಟ್ಟಡಕ್ಕೆಲ್ಲ ಒಂದೇ ಏಸಿ. ಗೋಡೆಯ ಮೇಲಿನ ಗುಂಡಿ ಎಷ್ಟು ತಿರುಗಿಸಿದರೂ ಗಾಳಿ ಕಡಿಮೆಯಾಗುತ್ತಿರಲಿಲ್ಲ. ನಾತೂರ್ ಎಂದರೆ ಕಟ್ಟಡದ ಕಾವಲುಗಾರ, ಅವನಿಗೆ ಹೇಳಿದರೆ "ಮಾಫಿ ಮುಶ್ಕಿಲ್", ಏನೂ ತೊಂದರೆಯಿಲ್ಲ, ಎಂದು ಹೋಗುತ್ತಿದ್ದ, ಬರುತ್ತಿರಲಿಲ್ಲ. ಮೆಣಸನ್ನು ಅಕ್ಟೋಬರಿನಲ್ಲಿ ಬಾಲ್ಕನಿಗೆ ಇಡಬೇಕಾದರೆ ಆಗಸ್ಟ್ ಕೊನೆಗೇ ಮೊಳಕೆ ಬರಬೇಕು. ಹೊರಗೆ ಇಟ್ಟರೆ ಬೀಜ ಬೇಯುತ್ತದೆ, ಒಳಗೆ ಇಟ್ಟರೆ ಆ ತಣ್ಣಗಿನ ಒದ್ದೆ ಮಣ್ಣಿನಲ್ಲಿ ಕೊಳೆಯುತ್ತದೆ. "ನೋಡು, ನಮ್ಮ ಹಾಗೇ ಆಯ್ತು ಇವುಗಳ ಗತಿ" ಎನ್ನುತ್ತಿದ್ದರು ಬಾಯಮ್ಮ.

ಶಾಖ ಹುಡುಕುತ್ತಾ ಅವರು ಮಾಡಿದ ಗಲೀಜು ಒಂದೆರಡಲ್ಲ. ಫ್ರಿಜ್ಜಿನ ತಲೆಯ ಮೇಲೆ ಬೆಚ್ಚಗಿರುತ್ತದೆಂದು ಅಲ್ಲಿ ತಟ್ಟೆ ಇಟ್ಟರು. ಜಿರಳೆಗಳು ಬಂದು ಬೀಜ ತಿಂದು, ಮರಿ ಹಾಕಿ, ನಮ್ಮ ಬ್ರೆಡ್ಡಿನ ಡಬ್ಬಿಗೂ ಇಳಿದವು. ಒಂದು ಸಂಜೆ ನಾನು ಅನ್ನ ಮಾಡಲು ನನ್ನ ಕುಕ್ಕರಿನ ಮುಚ್ಚಳ ತೆಗೆದರೆ ಒಳಗೆ ಒದ್ದೆ ಬಟ್ಟೆಯ ಗಂಟು. ಅನ್ನ ಬಿಸಿ ಇಡುವ ಗುಂಡಿ ಒತ್ತಿ ಬೀಜ ಇಟ್ಟಿದ್ದರು. ಬೀಜ ಬೆಂದು ಹೋಗಿತ್ತು, ಕುಕ್ಕರು ವಾರವಿಡೀ ಖಾರ ಘಾಟು ಹೊಡೆಯಿತು. ನನ್ನ ಸೊಂಟನೋವಿಗೆಂದು ತಂದಿದ್ದ ಕರೆಂಟಿನ ಬಿಸಿ ಪಟ್ಟಿಯನ್ನು ಕೇಳದೆ ತೆಗೆದುಕೊಂಡು ತಟ್ಟೆಯ ಅಡಿಗೆ ಹಾಸಿದರು. ಅದು ಅರ್ಧ ಗಂಟೆಗೊಮ್ಮೆ ತಾನಾಗಿ ಆರುತ್ತಿತ್ತು. ಆರಿದಾಗಲೆಲ್ಲ ಎದ್ದು ಹೋಗಿ ಒತ್ತುತ್ತಿದ್ದರು. ಮಣ್ಣು ಮೆತ್ತಿದ ಆ ಪಟ್ಟಿಯನ್ನು ಆಮೇಲೆ ನಾನು ಸೊಂಟಕ್ಕೆ ಕಟ್ಟಲಿಲ್ಲ.

ಕೊನೆಗೆ ಅವರಿಗೆ ಉಪಾಯ ಹೊಳೆದದ್ದು ಮೈಬಿಸಿ. ಕ್ಲಿನಿಕ್ಕಿನಿಂದ ತಂದ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಒದ್ದೆ ಮಾಡಿ, ಬೀಜ ಸುತ್ತಿ, ಮಾತ್ರೆ ಹಾಕಿ ಕೊಡುವ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ರವಿಕೆಯೊಳಗೆ ಸೇರಿಸಿದರು. ಡ್ಯೂಟಿಗೆ ಹೋದರೂ ಅಲ್ಲೇ, ಮಲಗಿದರೂ ಅಲ್ಲೇ. ಎಂಟನೇ ದಿನ ಅಡುಗೆಮನೆಯಲ್ಲಿ ನಿಂತು ಚೀಲ ತೆಗೆದು ಬಿಚ್ಚಿದರು. ಹನ್ನೆರಡು ಬೀಜದಲ್ಲಿ ಏಳಕ್ಕೆ ಬಿಳಿ ಬೇರು. "ಜೆಜು! ಬಂತು, ಬಂತು!" ಎಂದು ಯೇಸುವನ್ನು ಕರೆದು ಕುಣಿದ ಆ ಭಾರದ ಹೆಂಗಸನ್ನು ನೋಡಿ ನಾವೆಲ್ಲ ನಕ್ಕೆವು. ಆಗ ನಗಬಾರದಿತ್ತು.

ಏಕೆಂದರೆ ಮರುವರ್ಷದಿಂದ ಅದು ಫ್ಲ್ಯಾಟಿನ ಕಾನೂನಾಯಿತು. ಆಗಸ್ಟ್ ಬಂತೆಂದರೆ ಪ್ರತಿಯೊಬ್ಬಳಿಗೂ ಒಂದೊಂದು ಚೀಲ, ಚೀಲದ ಮೇಲೆ ಪ್ಲಾಸ್ಟರು ಅಂಟಿಸಿ ಹೆಸರು. "ಬೀಜಕ್ಕೆ ಶಾಖ ಕೊಡ್ಲಿಕ್ಕೆ ನಿಮ್ಗೆ ಎಂತ ಕಷ್ಟ? ಸುಮ್ನೆ ಹೋಗುವ ಶಾಖ ಅಲ್ವಾ?" ಒಬ್ಬ ಮಲಯಾಳಿ ನರ್ಸು ಮಾತ್ರ ಆಗುವುದಿಲ್ಲ ಎಂದಳು. ಅವಳಿಗೆ ಆ ಚಳಿಗಾಲವಿಡೀ ಮೀನುಸಾರು ಸಿಗಲಿಲ್ಲ. ಬೆಳಿಗ್ಗೆ ತಪಾಸಣೆ ಇರುತ್ತಿತ್ತು. ಬಾಯಮ್ಮ ನಮ್ಮ ಚೀಲಗಳನ್ನು ತೆಗೆಸಿ ಮೂಸಿ ನೋಡಿ, "ನೀನು ನಿನ್ನೆ ತೆಗ್ದಿಟ್ಟಿದ್ದಿ, ತಣ್ಣಗಾಗಿದೆ" ಎಂದು ಬೈಯುತ್ತಿದ್ದರು. ಅದರ ವಾಸನೆ ಹೇಗೆಂದರೆ, ಬೆವರಿನಲ್ಲಿ ನೆನೆಸಿದ ಹುಳಿ ಹಿಟ್ಟಿನದು. ಒಂದು ಸಲ ಕೌಂಟರಿನ ಎದುರು ನಿಂತ ಒಬ್ಬ ಅರಬ್ಬಿ ಹೆಂಗಸು ತಲೆಗೆ ಹೊದ್ದ ಶೇಲಾವನ್ನು ಮೂಗಿಗೆ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಹಾಗಾದರೆ ನೀನೇಕೆ ಒಪ್ಪಿದೆ ಎಂದು ಕೇಳಬಹುದು. ನನ್ನ ಚೀಲದಲ್ಲಿ ನನ್ನದೇ ಬೀಜ ಇದ್ದವು. ನನ್ನ ಅಮ್ಮನ ಹಿತ್ತಲಿನ ಮೆಣಸು. ಹೆದ್ದಾರಿ ಅಗಲ ಮಾಡುವಾಗ ಆ ಹಿತ್ತಲು ಪೂರ್ತಿ ಹೋಯಿತು. ಅಮ್ಮ ತೆಗೆದಿಟ್ಟಿದ್ದ ಕೊನೆಯ ಮೂರು ಹಣ್ಣನ್ನು ನಾನು ಬ್ಯಾಗಿನಲ್ಲಿ ತಂದಿದ್ದೆ. ಎರಡು ವರ್ಷ ಹಾಕಿ ಎರಡೂ ವರ್ಷ ಕೊಳೆತವು. ಮೂರನೆಯ ಹಣ್ಣಿನ ಹದಿನಾರು ಬೀಜ ಉಳಿದಿದ್ದವು. ಅಮ್ಮ ಫೋನಿನಲ್ಲಿ ಬೇರೇನು ಕೇಳದಿದ್ದರೂ "ಮೆಣಸು ಬಂತಾ ಮಗಾ?" ಎಂದು ಕೇಳುತ್ತಿದ್ದಳು. ಅದಕ್ಕೆ ಒಪ್ಪಿದೆ. ಆ ಚೀಲ ಎದೆಗೆ ತಾಗಿದಾಗಲೆಲ್ಲ ಅಸಹ್ಯಪಟ್ಟುಕೊಂಡೇ ಒಪ್ಪಿದೆ.

ಇನ್ನು ವಾರಿಜಳ ವಿಷಯ. ನಾಲ್ಕು ವರ್ಷದ ಹಿಂದೆ, ನಾನು ಆ ಹದಿನಾರು ಬೀಜವನ್ನು ಚೀಲಕ್ಕೆ ಹಾಕಿದ ಆಗಸ್ಟಿನಲ್ಲೇ ಅವಳು ಬಂದಳು. ಕಾರ್ಕಳದ ಕಡೆಯವಳು, ನಲವತ್ತರ ಹತ್ತಿರ, ಹೊಲಿಗೆ ಕೆಲಸ. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಹುಡುಕುತ್ತಿದ್ದಳು. ಅಬಾಯಾ, ಎಂದರೆ ಅರಬ್ಬಿ ಹೆಂಗಸರ ಕಪ್ಪು ನಿಲುವಂಗಿ, ಹೊಲಿಯುವ ಒಂದು ಅಂಗಡಿಯವರು ಮುಂದಿನ ಸೋಮವಾರ ಬಂದು ಹೊಲಿದು ತೋರಿಸು ಎಂದಿದ್ದರು. ತುಂಬ ಪಾಪದವಳು. ಯಾರು ಏನು ಹೇಳಿದರೂ "ಆಯ್ತು ಅಕ್ಕ". ಬಾಯಮ್ಮ ಅವಳಿಗೆ ಒಳಗಿನ ಕೋಣೆಯ ಮೂಲೆಯ ಮಂಚ ಕೊಟ್ಟರು, ಬಂದ ದಿನವೇ ಚೀಲವನ್ನೂ ಕೊಟ್ಟರು.

ವಾರ ಕಳೆಯುವಷ್ಟರಲ್ಲಿ ವಾರಿಜಳಿಗೆ ಜ್ವರ ಬಂತು. ಚಳಿ, ನಡುಕ, ಸೊಂಟದ ಮೇಲ್ಗಡೆ ಒಂದೇ ಪಕ್ಕ ನೋವು. ಇನ್ಶೂರೆನ್ಸ್ ಇಲ್ಲ, ಕೈಯಲ್ಲಿ ವೀಸಾದ ದಿನಗಳು ಕರಗುತ್ತಿವೆ, ಆಸ್ಪತ್ರೆ ಎಂದರೆ ಅವಳಿಗೆ ಜ್ವರಕ್ಕಿಂತ ಹೆಚ್ಚು ಭಯ. ಬಾಯಮ್ಮ ತಮ್ಮ ಪೆಟ್ಟಿಗೆಯಿಂದ ಮಾತ್ರೆ ಕೊಟ್ಟರು, ಮೈ ಒರೆಸಿದರು, ಗಂಜಿ ಕುಡಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಜ್ವರದ ಎರಡನೇ ದಿನ ಅವಳ ಮೈ ಒರೆಸುವಾಗ ಬಾಯಮ್ಮ ಅವಳ ಚೀಲ ತೆಗೆದು ನೋಡಿದರು. ಎಲ್ಲ ಬೀಜವೂ ಒಡೆದಿತ್ತು. ನಮ್ಮ ಯಾರದ್ದೂ ಒಡೆದಿರಲಿಲ್ಲ. ನಾವು ದಿನವಿಡೀ ಕ್ಲಿನಿಕ್ಕಿನ ಏಸಿಯಲ್ಲಿ ಕೂರುವವರು. "ಅಯ್ಯಬ್ಬ, ಇವಳ ಮೈ ನೋಡಿ, ಕಾವಲಿ ಹಾಗೆ ಉಂಟು" ಎಂದರು. ಎಂದವರೇ ನಮ್ಮೆಲ್ಲರ ಚೀಲ ಕೇಳಿ ತೆಗೆದುಕೊಂಡು, ಅರೆ ಎಚ್ಚರದಲ್ಲಿ ನರಳುತ್ತಿದ್ದ ಆ ಹೆಂಗಸಿನ ಬೆನ್ನ ಅಡಿಗೆ, ಕಂಕುಳಿಗೆ, ತೊಡೆಯ ಪಕ್ಕಕ್ಕೆ ಒಂದೊಂದಾಗಿ ಸೇರಿಸಿದರು. ಕೋಳಿಯ ಅಡಿಗೆ ಮೊಟ್ಟೆ ಇಟ್ಟ ಹಾಗೆ. ಮೇಲೆ ಎರಡು ಕಂಬಳಿ ಹೊದಿಸಿದರು. ಗ್ಲ್ಯಾಡಿಸ್ ಅಲ್ಲೇ ನಿಂತಿದ್ದಳು. ಈಗ ಕಣ್ಣೊರೆಸಿಕೊಳ್ಳುವ ಗ್ಲ್ಯಾಡಿಸ್, ಅವಳ ಚೀಲವೂ ಅಲ್ಲಿತ್ತು.

ಜ್ವರ ಬಂದ ಹೆಂಗಸನ್ನು ಒಲೆ ಮಾಡಿಕೊಂಡ ಈ ದೃಶ್ಯ ನೆನೆದರೆ ಇಂದಿಗೂ ನನ್ನ ಮೈ ಜುಮ್ಮೆನ್ನುತ್ತದೆ. ಇಪ್ಪತ್ತೈದು ವರ್ಷ ನರ್ಸಾಗಿದ್ದವರು. ರೋಗಿ ಬಾಗಿಲಲ್ಲಿ ಕಾಲಿಡುವಾಗಲೇ ರೋಗ ಹೇಳುತ್ತಿದ್ದ ಮೂಗು ಅದು.

ನಾಲ್ಕನೇ ದಿನ ಮಧ್ಯಾಹ್ನ ಒಂದೂವರೆಗೆ ನಾನು ಊಟಕ್ಕೆ ಬಂದೆ. ನಮ್ಮದು ಎರಡು ಹೊತ್ತಿನ ಡ್ಯೂಟಿ, ನಡುವೆ ನಾಲ್ಕು ಗಂಟೆ ಬಿಡುವು. ಫ್ಲ್ಯಾಟಿನಲ್ಲಿ ವಾರಿಜ ಬಿಟ್ಟರೆ ಯಾರೂ ಇರಲಿಲ್ಲ. ನಾನೂ ಹೇಳಿಬಿಡುತ್ತೇನೆ, ಮುಚ್ಚಿಡುವುದೇನು. ಬ್ಯಾಗು ಇಟ್ಟವಳೇ ನೇರ ಅವಳ ಮಂಚದ ಹತ್ತಿರ ಹೋದೆ. ಕಂಬಳಿ ಎತ್ತಿದೆ. ಅವಳ ಬೆನ್ನ ಅಡಿಗೆ ಕೈ ಹಾಕಿ ತಡಕಾಡಿ ನನ್ನ ಹೆಸರಿನ ಚೀಲ ಹುಡುಕಿ ತೆಗೆದೆ. ಬೆನ್ನು ಬೆವರಿನಿಂದ ಜಿಗುಟಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಗಾಜ್ ಬಟ್ಟೆ ಬಿಡಿಸಿದರೆ ಹದಿನಾರರಲ್ಲಿ ಒಂಬತ್ತು ಒಡೆದಿದ್ದವು. ಅಕ್ಕಿಯ ನುಚ್ಚಿನಷ್ಟು ಬಿಳಿ ಬೇರು. ನನಗೆ ಅಮ್ಮನ ದನಿ ಕೇಳಿದ ಹಾಗಾಗಿ ಒಬ್ಬಳೇ ನಕ್ಕೆ, ಬಾಯಿ ತುಂಬ ನಕ್ಕೆ. ಚೀಲವನ್ನು ಮತ್ತೆ ಅಲ್ಲೇ ತೂರಿಸುವಾಗ ವಾರಿಜ ಕಣ್ಣು ಬಿಟ್ಟಿದ್ದಳು. ನನ್ನನ್ನು ನೋಡಿ ಅವಳೂ ಸ್ವಲ್ಪ ನಕ್ಕಳು. ನಾನು ಕಂಬಳಿ ಹೊದಿಸಿ ಊಟಕ್ಕೆ ಹೋದೆ.

ನಾಲ್ಕೂವರೆಗೆ ಮತ್ತೆ ಡ್ಯೂಟಿಗೆ ಹೊರಡುವಾಗ ಮಂಚವೇ ನಡುಗುತ್ತಿತ್ತು. ಅವಳ ಹಲ್ಲು ಕಟಕಟ ಸದ್ದು. ಹಣೆ ಮುಟ್ಟಿದರೆ ಕೈ ಸುಟ್ಟಿತು. ಅಷ್ಟರಲ್ಲಿ ಬಾಯಮ್ಮ ಬಂದರು.

"ಬಾಯಮ್ಮ, ಇದು ಮನೆಯಲ್ಲಿಟ್ಟುಕೊಳ್ಳುವ ಜ್ವರ ಅಲ್ಲ. ಎಮರ್ಜೆನ್ಸಿಗೆ ಕರ್ಕೊಂಡು ಹೋಗುವ" ಎಂದೆ.

ಅವರು ವಾರಿಜಳ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು. ಹತ್ತು ನಿಮಿಷ ಹೊರಗೆ ಬರಲಿಲ್ಲ. ನಾನು ಹೊರಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದೆ. ಬಂದಾಗ ಅವರ ಕೈಯಲ್ಲಿ ಎರಡು ಚೀಲ ಇದ್ದವು. ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಾ ಹೇಳಿದರು, "ಅವಳೇ ಬೇಡ ಅಂತಾಳೆ. ಒಂದು ದಿನ ಇರ್ಲಿ. ನಾಳೆ ಬೆಳಿಗ್ಗೆ ನೋಡುವ."

"ಒಂದು ದಿನ ಯಾಕೆ?"

"ಅವಳೇ ಹೇಳಿದ್ದು ಮಾರಾಯ್ತಿ. ನಿಂಗೆ ಹೊತ್ತಾಗ್ತದೆ. ಯಲ್ಲಾ, ಹೊರಡು ಬೇಗ."

ನನಗೆ ಎಲ್ಲ ಅರ್ಥವಾಯಿತು. ಆ ಎರಡು ಚೀಲದ ಬೀಜ ಇನ್ನೂ ಒಡೆದಿರಲಿಲ್ಲ. ಒಂದು ದಿನ ಬೇಕಾದದ್ದು ಬೀಜಕ್ಕೆ. ಹಾಗೆಂದು ತೀರ್ಮಾನಿಸಿ, ಅಷ್ಟನ್ನು ತಿಳಿದೂ, ನಾನು ಡ್ಯೂಟಿಗೆ ಹೋದೆ.

ಮರುದಿನ ಬೆಳಿಗ್ಗೆ ವಾರಿಜಳಿಗೆ ಪ್ರಜ್ಞೆ ಇರಲಿಲ್ಲ. ಆಂಬುಲೆನ್ಸಿನವರು ಕಂಬಳಿ ಎಳೆದಾಗ ಚೀಲಗಳು ನೆಲಕ್ಕೆ ಉದುರಿದವು. "ಇದೇನು?" ಎಂದು ಅವರಲ್ಲೊಬ್ಬ ಕೇಳಿದ. ಕಿಡ್ನಿಯಲ್ಲಿ ಸೋಂಕಾಗಿ ಕೀವು ತುಂಬಿತ್ತು, ವಿಷ ರಕ್ತಕ್ಕೆ ಏರಿತ್ತು. ಡಾಕ್ಟರು ಬಾಯಮ್ಮನನ್ನೂ ನನ್ನನ್ನೂ ನಿಲ್ಲಿಸಿ, ನಿನ್ನೆಯಾದರೂ ತಂದಿದ್ದರೆ ಕಿಡ್ನಿ ಉಳಿಯುತ್ತಿತ್ತು ಎಂದರು. ಒಂದು ಕಿಡ್ನಿ ತೆಗೆದರು. ಅಬಾಯಾ ಅಂಗಡಿಯ ಸೋಮವಾರ ಹೋಯಿತು, ವೀಸಾ ಹೋಯಿತು. ವೀಲ್‌ಚೇರಿನಲ್ಲಿ ವಿಮಾನ ಹತ್ತಿ ಊರಿಗೆ ಹೋದಳು.

ಆಸ್ಪತ್ರೆಯಿಂದ ಬಂದ ದಿನ ಅಡುಗೆಮನೆಯಲ್ಲಿ ನಾನು ಬಾಯಮ್ಮನ ಮೇಲೆ ಕಿರುಚಿದೆ. "ನಿಮ್ಮ ದರಿದ್ರ ಬೀಜಕ್ಕೋಸ್ಕರ ಒಂದು ಜೀವ ತೆಗೀತಿದ್ರಿ! ನೀವು ನರ್ಸಾ?" ಎಂದೆ. ಅವರು ಅಕ್ಕಿ ತೊಳೆಯುತ್ತಿದ್ದರು. ಕೈ ನಿಲ್ಲಿಸಿ, "ಹೌದು. ನಾನು ಒತ್ತಾಯ ಮಾಡ್ಬೇಕಿತ್ತು. ತಪ್ಪು ನಂದೇ" ಎಂದರು. ಅಷ್ಟೇ. ಮತ್ತೆ ಅಕ್ಕಿ ತೊಳೆದರು. ಒಪ್ಪಿಕೊಂಡ ರೀತಿಯೂ ನನಗೆ ಅಸಹ್ಯವೇ ಆಯಿತು. ಇಷ್ಟು ಸಲೀಸಾಗಿ ತಪ್ಪು ಒಪ್ಪುವವರಿಗೆ ತಪ್ಪು ಮಾಡುವುದೂ ಸಲೀಸು ಎಂದುಕೊಂಡೆ.

ಆ ಬೀಜಗಳನ್ನು ಎಸೆದಿರಬೇಕು ಎಂದು ನೀವು ಎಣಿಸಿದರೆ ನಮ್ಮನ್ನು ಸರಿಯಾಗಿ ತಿಳಿದಿಲ್ಲ. ಅವು ಮೊಸರಿನ ಡಬ್ಬಿಗಳಿಗೆ ಹೋದವು, ಅಕ್ಟೋಬರಿನಲ್ಲಿ ಬಾಲ್ಕನಿಗೆ ಹೋದವು. ಆ ವರ್ಷ ಬಂದಷ್ಟು ಮೆಣಸು ಯಾವ ವರ್ಷವೂ ಬರಲಿಲ್ಲ. ಬಾಯಮ್ಮ ಅವನ್ನು ಮುಟ್ಟಲಿಲ್ಲ, ನೀರು ಹಾಕುವುದನ್ನೂ ಬಿಟ್ಟರು. ನೀರು ಹಾಕಿದ್ದು ನಾನು. ಕ್ರಿಸ್ಮಸ್ಸಿಗೆ ಗ್ಲ್ಯಾಡಿಸ್ ಅದೇ ಮೆಣಸು ಅರೆದು ಕಾಣೆ ಮೀನಿನ ಸಾರು ಮಾಡಿದಳು. ನಾನು ಎರಡು ಸಲ ಹಾಕಿಸಿಕೊಂಡೆ. ಬೀಜ ಒಣಗಿಸಿ ಅಮ್ಮನಿಗೂ ಕಳುಹಿಸಿದೆ. "ಅದೇ ಬಣ್ಣ ಮಗಾ" ಎಂದು ಅಮ್ಮ ಅತ್ತಳು. ಬಾಯಮ್ಮನ ಜೊತೆ ಮಾತು ಬಿಟ್ಟೆ, ಮಂಚ ಬಿಡಲಿಲ್ಲ. ಕ್ಲಿನಿಕ್ಕಿಗೆ ಹತ್ತಿರ ಇತ್ತಲ್ಲ. ಎರಡು ವರ್ಷ ಹಾಗೇ ಒಂದೇ ಮನೆಯಲ್ಲಿ ಮುಖ ತಿರುಗಿಸಿ ಓಡಾಡಿದೆ. ರಿಟೈರಾಗಿ ಊರಿಗೆ ಹೊರಟ ದಿನ ಅವರು ನನ್ನ ಬಾಗಿಲ ಹತ್ತಿರ ಬಂದು ನಿಂತರು. ನಾನು ಫೋನು ನೋಡುತ್ತಾ ಕೂತೆ.

ಇಷ್ಟನ್ನು ಅವತ್ತು ಗ್ಲ್ಯಾಡಿಸಳ ಫ್ಲ್ಯಾಟಿನಲ್ಲಿ ಹೇಳುವುದೆಂದು ಹೋಗಿದ್ದೆ. ನನ್ನ ಎಡಗಡೆಯವಳು ಮಾತು ಮುಗಿಸಿದಳು, ನಾನು ಸೆರಗು ಸರಿಮಾಡಿಕೊಂಡು ಏಳುತ್ತಿದ್ದೆ. ಅಷ್ಟರಲ್ಲಿ ಗ್ಲ್ಯಾಡಿಸಳ ಫೋನು ಬಡಿಯಿತು.

"ಒಂದು ನಿಮಿಷ ಅಕ್ಕ, ವಾರಿಜ ಊರಿಂದ. ಅವಳಿಗೂ ಎರಡು ಮಾತು ಹೇಳ್ಬೇಕಂತೆ" ಎಂದು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

ಒಳ್ಳೆಯದಾಯಿತು ಎಂದುಕೊಂಡೆ. ಅವಳ ಬಾಯಲ್ಲೇ ಬರಲಿ.

ವಾರಿಜ ಮೊದಲು ಅತ್ತಳು. ಬಾಯಮ್ಮ ತಿಂಗಳಿಗೊಮ್ಮೆ ತಪ್ಪದೆ ಫೋನು ಮಾಡುತ್ತಿದ್ದರಂತೆ. ಊರಿಗೆ ಬಂದ ಮೇಲೆ ಬಸ್ಸು ಹಿಡಿದು ಅವಳ ಮನೆಗೆ ಹೋಗಿ, ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಹೋದಾಗಲೆಲ್ಲ "ನಂದು ತಪ್ಪಾಯ್ತು, ನಂದು ತಪ್ಪಾಯ್ತು" ಎನ್ನುತ್ತಿದ್ದರಂತೆ. ಆಮೇಲೆ ಅವಳು ಕೇಳಿದಳು, "ಹಲ್ಲಿನ ಕ್ಲಿನಿಕ್ಕಿನ ಅಕ್ಕ ಉಂಟಾ ಅಲ್ಲಿ?"

"ಇದ್ದೇನೆ ವಾರಿಜ" ಎಂದೆ.

"ಅಕ್ಕ, ಒಂದು ಮಾತು ನಾನು ಯಾರಿಗೂ ಹೇಳ್ಲಿಲ್ಲ. ಆ ದಿನ ಸಂಜೆ ಬಾಯಮ್ಮ ಈಗ್ಲೇ ಏಳು, ಟ್ಯಾಕ್ಸಿ ಕರೀತೇನೆ, ಆಸ್ಪತ್ರೆಗೆ ಹೋಗುವ ಅಂತ ಎಷ್ಟು ಬೇಡಿಕೊಂಡ್ರು ಗೊತ್ತುಂಟಾ? ಕೈ ಹಿಡಿದು ಎಬ್ಬಿಸ್ಲಿಕ್ಕೆ ನೋಡಿದ್ರು. ನಾನೇ ಕೈ ಮುಗಿದು ಬೇಡ ಅಂದೆ. ಯಾಕೆ ಅಂದ್ರೆ, ಮಧ್ಯಾಹ್ನ ನೀವು ಬಂದು ನನ್ನ ಬೆನ್ನಡಿಗೆ ಕೈ ಹಾಕಿ ಜ್ವರ ನೋಡಿದ್ರಿ ಅಲ್ವಾ? ನೋಡಿ ನಕ್ಕಿರಿ. ಅಷ್ಟು ಸಂತೋಷದ ಮುಖ ನಾನು ಅಲ್ಲಿಗೆ ಬಂದ ಮೇಲೆ ನೋಡಿರ್ಲಿಲ್ಲ ಅಕ್ಕ. ಜ್ವರ ಇಳಿದಿದೆ, ಅದಕ್ಕೇ ನಗ್ತಿದ್ದಾರೆ ಅಂತ ಎಣಿಸಿದೆ. ಒಂದು ದಿನ ಇರ್ಲಿ ಅಂತ ನಾನೇ ಹೇಳಿದ್ದು. ಪಾಪ, ಬಾಯಮ್ಮ ಸಾಯುವವರೆಗೆ ಅದನ್ನ ತಮ್ಮ ತಲೆ ಮೇಲೆ ಹಾಕ್ಕೊಂಡ್ರು."

ಗ್ಲ್ಯಾಡಿಸ್ ನನ್ನ ಹೆಗಲ ಮೇಲೆ ಕೈಯಿಟ್ಟಳು. ಹೆಂಗಸರೆಲ್ಲ ಒದ್ದೆ ಕಣ್ಣಿನಲ್ಲಿ ನನ್ನನ್ನು ನೋಡುತ್ತಿದ್ದರು.

"ಕೇಳ್ತಾ ಉಂಟಾ ಅಕ್ಕ?"

"ಕೇಳ್ತಾ ಉಂಟು."

"ಅಷ್ಟು ಜನರಲ್ಲಿ ಬಾಯಮ್ಮ ಬಿಟ್ರೆ ನನ್ನನ್ನು ಮುಟ್ಟಿ ನೋಡಿದ್ದು ನೀವೊಬ್ರೇ. ಅದನ್ನ ನಾನು ಮರೀಲಿಕ್ಕಿಲ್ಲ" ಎಂದು ವಾರಿಜ ಫೋನು ಇಟ್ಟಳು.

"ಈಗ ನೀವು ಹೇಳಿ ಅಕ್ಕ" ಎಂದಳು ಗ್ಲ್ಯಾಡಿಸ್.

ನಾನು ಎದ್ದು ನಿಂತೆ. ಬಾಯಮ್ಮ ತುಂಬ ಒಳ್ಳೆಯವರು ಎಂದು ಹೇಳಿ ಕುಳಿತುಕೊಂಡೆ.